ಕೆಂಪು ಕಲ್ಲಿನ ಮನೆಗೆ ಸಿಮೆಂಟ್ ಬೇಡ

ಗ್ಲಾಸ್ಗೋದ ದಕ್ಷಿಣ ಭಾಗದಲ್ಲಿ 1905ರ ಸುಮಾರಿನ ಕೆಂಪು ಮರಳುಗಲ್ಲಿನ ಜೋಡಿಮನೆಯನ್ನು ಕೊಳ್ಳಲೆಂದು ನೋಡಿದ್ದೀರಿ. ಗೋಡೆ ಅಲ್ಲಲ್ಲಿ ಪುಡಿ ಉದುರುತ್ತಿದೆ, ಸಂದಿಗೆ ಸಿಮೆಂಟ್ ತುಂಬಿಸಿ ಪೇಂಟ್ ಹೊಡೆಸಿದರೆ ಸಾಕಲ್ಲವೇ, ಬಾದಾಮಿ ಕಲ್ಲು ಇಷ್ಟು ಶತಮಾನ ನಿಂತಿಲ್ಲವೇ ಎಂದು ಕೇಳಿದ್ದೀರಿ. ಬಾಗಲಕೋಟೆಯವರು ನೀವು, ಕೇಳುವುದು ಸಹಜ. ಇಲ್ಲಿಗೆ ಬಂದ ಹೊಸದರಲ್ಲಿ ಆ ಕೆಂಪು ಬಣ್ಣ ಕಂಡು ನನಗೂ ಊರೇ ಸಿಕ್ಕಂತಾಗಿತ್ತು. ಆದರೆ ಬಾದಾಮಿಯದು ಸಿಲಿಕಾ ಬಿಗಿಹಿಡಿದ, ಇದಕ್ಕಿಂತ ಎಷ್ಟೋ ಹಳೆಯ ಕಲ್ಲು. ಇಲ್ಲಿನದು ಪರ್ಮಿಯನ್ ಎಂಬ, ಕೋಟ್ಯಂತರ ವರ್ಷ ಹಿಂದಿನ ಕಾಲದ ಮರುಭೂಮಿಯ ಮರಳು. ಗ್ಲಾಸ್ಗೋ ಪಕ್ಕದ ಗಿಫ್ನಾಕ್, ಬಿಷಪ್‌ಬ್ರಿಗ್ಸ್ ಗಣಿಗಳ ತಿಳಿಹಳದಿ ಕಲ್ಲಿನ ಕಾಲ ಮುಗಿಯುತ್ತಾ ಬಂದಾಗ, 1890ರ ದಶಕದಿಂದೀಚೆಗೆ ನೈಋತ್ಯ ಸ್ಕಾಟ್ಲೆಂಡಿನ ಲೊಕಾರ್‌ಬ್ರಿಗ್ಸ್, ಬಲ್ಲೊಕ್‌ಮೈಲ್ ಗಣಿಗಳ ಕಡೆಯಿಂದ ರೈಲಿನಲ್ಲಿ ಹೇರಿ ತಂದದ್ದು. ನೀರು ಹೀರುತ್ತದೆ, ಬಿಸಿಲು ಗಾಳಿಗೆ ಬಿಡುತ್ತದೆ.

ಗೋಡೆ ಸುಮಾರು 600 ಮಿ.ಮೀ. ದಪ್ಪ. ಮುಂದೆ ನಯವಾಗಿ ಕೆತ್ತಿದ ಕಲ್ಲು, ಹಿಂದೆ ಒರಟು ಕಲ್ಲು, ನಡುವೆ ಚೂರುಕಲ್ಲು, ಸುಣ್ಣದ ಗಾರೆ. ಒಳಗೋಡೆಯ ಗಿಲಾವು ಮರದ ಪಟ್ಟಿಗಳ ಮೇಲಿದೆ. ಅದರ ಹಿಂದೆ ಗಾಳಿಗೆ ಜಾಗ. ಮನೆ ಬೆಚ್ಚಗಾಗಲು ಅಲ್ಲಿ ಫೋಮ್ ತುಂಬಿಸುತ್ತೇವೆಂದು ಬರುವವರನ್ನು ಬಾಗಿಲಲ್ಲೇ ಕಳಿಸಿ.

ಒಳಗಿಳಿದ ಮಳೆನೀರು ಸುಣ್ಣದ ಸಂದುಗಳಿಂದ ಆರಿ ಹೋಗಬೇಕು, ಕಟ್ಟಿದವರ ಲೆಕ್ಕ ಅದು. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಆಗ ನೀರು ಕಲ್ಲಿನ ಮೂಲಕವೇ ಹೊರಬರುತ್ತದೆ, ತಂದ ಲವಣ ಮೇಲ್ಮೈಯ ಹಿಂದೆ ಹರಳುಗಟ್ಟಿ ಕಲ್ಲನ್ನು ಸಿಡಿಸುತ್ತದೆ. ಕೊನೆಗೆ ಕಲ್ಲು ಒಳಕ್ಕೆ ಸವೆದು, ಸಿಮೆಂಟಿನ ಗೆರೆಗಳಷ್ಟೇ ಚೌಕಟ್ಟಿನಂತೆ ಹೊರಗೆ ನಿಲ್ಲುತ್ತವೆ. ಆ ಮನೆಯ ಬೀದಿಯಲ್ಲೇ ಹುಡುಕಿದರೆ ಕಾಣಬಹುದು. ಪೇಂಟ್ ಮಾಡುವುದೂ ಇದೇ ಕೆಲಸ. 'ಗಟ್ಟಿಯಾಗಲಿ' ಎಂದು ನಮ್ಮವರು ಮೊದಲು ಮಾಡಿಸುವ ರಿಪೇರಿ ಇದು. ಕಿಟಕಿ ಸುತ್ತಲಿನ ಕೆತ್ತನೆ ಒಮ್ಮೆ ಉದುರಿದರೆ ಹೋಯಿತು, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೇ ಬೇಕು. ಕೆಟ್ಟ ಗಾರೆಯನ್ನು ಸಂದಿನ ಅಗಲದ ಎರಡರಷ್ಟು, ಒರಟು ಕಲ್ಲಿನಲ್ಲಿ ಕನಿಷ್ಠ 25 ಮಿ.ಮೀ. ಆಳಕ್ಕೆ ಉಳಿಯಿಂದ ತೆಗೆಯಬೇಕು. ಕಲ್ಲು ಕೊರೆಯುವ ಗ್ರೈಂಡರ್ ಯಂತ್ರ ಹಿಡಿದರೆ ಕಲ್ಲಿನ ಅಂಚು ಹೋಗುತ್ತದೆ. 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬೇಡ. ಹೊಸ ಸುಣ್ಣದ ಗಾರೆ ತುಂಬಿದ ಮೇಲೆ ಒದ್ದೆ ಗೋಣಿ ಹೊದಿಸಿ ಕೆಲವು ದಿನ ತೇವ ಕಾಯಬೇಕು, ಊರಲ್ಲಿ ಗಾರೆಗೆ ನೀರುಣಿಸುತ್ತಿದ್ದ ಹಾಗೇ. ಕಲ್ಲಿನ ಸಹಜ ಪದರು ನಿಲುವಾಗುವಂತೆ ಇಟ್ಟ ಕಲ್ಲುಗಳು ಹಾಳೆ ಹಾಳೆಯಾಗಿ ಏಳುತ್ತವೆ. ಅವನ್ನು ಸುಮಾರು 100 ಮಿ.ಮೀ. ಆಳಕ್ಕೆ ಕತ್ತರಿಸಿ ಹೊಂದುವ ಕಲ್ಲು ಕೂರಿಸುತ್ತಾರೆ.

ಇದಕ್ಕೂ ಮೊದಲು ಜೋರು ಮಳೆಯಲ್ಲಿ ಹೋಗಿ ಗಟರ್, ಅಂದರೆ ಸೂರಿನಂಚಿನ ಮಳೆನೀರಿನ ದೋಣಿ ನೋಡಿ. ನೀರು ಇಳಿಸುವ ಬೀಡುಕಬ್ಬಿಣದ ಪೈಪಿನ ಹಿಂಬದಿ ತುಕ್ಕು ಹಿಡಿದು ಸೀಳಿರಬಹುದು, ಮುಂದಿನಿಂದ ಕಾಣದು. ಗೋಡೆಯ ಬುಡದ ಕಬ್ಬಿಣದ ಜಾಲರಿಗಳನ್ನು ಹೂಪಾತಿಯ ಮಣ್ಣು ಮುಚ್ಚಿದ್ದರೆ ನೆಲದಡಿಯ ಮರ ಉಸಿರುಗಟ್ಟುತ್ತದೆ; ಮರದ ತೇವ 20 ಶೇಕಡಾ ದಾಟಿದರೆ ಮರ ತಿನ್ನುವ ಡ್ರೈ ರಾಟ್ ಶಿಲೀಂಧ್ರಕ್ಕೆ ಆಹ್ವಾನ. ಒಗ್ಗರಣೆಯ ಹೊಗೆ, ಹಬೆ ಎಳೆಯುವ ಫ್ಯಾನಿನ ಪೈಪು ಗೋಡೆ ಕೊರೆದು ಹೊರಗೇ ಹೋಗಬೇಕು. ಒಳಗೇ ಸುತ್ತಿಸುವ ಫಿಲ್ಟರಿನದು ಸಾಲದು.



ಚಿಮಣಿ ಸಾಮಾನ್ಯವಾಗಿ ಜೋಡಿಮನೆಯ ಇಬ್ಬರದೂ. ಯಾರ ಪಾಲು ಎಷ್ಟೆಂದು ವಕೀಲರಿಂದ ಮನೆಯ ಹಕ್ಕುಪತ್ರ ಓದಿಸಿ. ರಿಪೇರಿಗೆ ಸ್ಕಾಫೋಲ್ಡ್ (ಸಾರವೆ) ಒಮ್ಮೆಗೇ ಕಟ್ಟಿಸಿದರೆ ಇಬ್ಬರಿಗೂ ಲಾಭ. ಮಾರುವವರು ಕೊಡುವ ಮನೆ ತಪಾಸಣೆಯ ವರದಿ, ಹೋಮ್ ರಿಪೋರ್ಟ್‌ನಲ್ಲಿ ಹೊರಗೋಡೆಗೆ 2 (ಮುಂದೆ ರಿಪೇರಿ ಬೇಕು) ಅಥವಾ 3 (ತುರ್ತು ರಿಪೇರಿ) ಎಂದಿದ್ದರೆ ಆಫರ್ ಹಾಕುವ ಮುನ್ನವೇ ರಿಪೇರಿ ಖರ್ಚಿನ ಅಂದಾಜು ತರಿಸಿ. ಸ್ಕಾಟ್ಲೆಂಡಿನಲ್ಲಿ ಮಿಸಿವ್ಸ್, ಅಂದರೆ ವಕೀಲರ ನಡುವಿನ ಒಪ್ಪಂದದ ಪತ್ರಗಳು ಮುಗಿದ ಮೇಲೆ ಹಿಂದೆ ಸರಿದರೆ ನಷ್ಟ ಕಟ್ಟಿಕೊಡಬೇಕಾಗಬಹುದು.