ಮಂಗಳೂರಿಗೆ ಎರಡು ರಾತ್ರಿ ಹೋಗುವವರು ಮೊದಲು ಕಣ ನೋಡಿಕೊಳ್ಳಿ

ಸುಂಟಿಕೊಪ್ಪದ ತಮ್ಮ ಕೇಳಿದ್ದಕ್ಕೆ ಉತ್ತರ ಇದು. ಡಿಸೆಂಬರ್ ಎರಡನೇ ವಾರ ಅರೇಬಿಕಾ ಕಾಫಿ ಒಂದು ಸುತ್ತು ಕುಯ್ದು ಮುಗಿಯುತ್ತೆ, ಹೆಂಡತಿ ಜೊತೆ ಎರಡು ರಾತ್ರಿ ಮಂಗಳೂರಿಗೆ ಹೋಗಬೇಕು, ಅಕ್ಕ ಭಾವನೂ ಬರ್ತಾರೆ, ಮಳೆ ಇರುತ್ತಾ, ಏನೇನು ನೋಡಬಹುದು ಅಂತ ಕೇಳಿದ್ದೀರಿ. ಅದಕ್ಕೆ ಅರ್ಧ ಜನ 'ಊರೆಲ್ಲ ಕೊಡಗಿಗೆ ಬರುತ್ತೆ, ನೀವ್ಯಾಕೆ ಹೋಗ್ತೀರಿ' ಅಂತ ತಮಾಷೆ ಮಾಡಿದ್ದಾರೆ. ಅದಕ್ಕೇ ಹೋಗಬೇಕು ಮಾರಾಯ್ರೇ. ಡಿಸೆಂಬರ್‌ನಲ್ಲಿ ಶನಿವಾರ ಬಂತು ಅಂದ್ರೆ ಮಡಿಕೇರಿಯಲ್ಲಿ ಕಾರು ನಿಲ್ಲಿಸೋಕೆ ಜಾಗ ಇಲ್ಲ.

ಮೊದಲು ಮಳೆ ವಿಷಯ. ನಮ್ಮ ಇಂಚಿನ ಲೆಕ್ಕದಲ್ಲಿ ಮಂಗಳೂರಿಗೆ ವರ್ಷಕ್ಕೆ 140 ಇಂಚಿನ ಆಸುಪಾಸು ಬೀಳುತ್ತೆ, ಆದರೆ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತೆ. ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ಬಿಸಿಲೇ. ಸಾಮಾನ್ಯವಾಗಿ ಅಂದೆ, ಯಾಕಂದ್ರೆ 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಆಚೆ ಪುದುಚೇರಿ ಹತ್ತಿರ ದಡಕ್ಕೆ ಬಂದು, ಡಿಸೆಂಬರ್ ಶುರುವಿನಲ್ಲಿ ಅದರ ಬಾಲ ಈಚೆ ಕರಾವಳಿಗೂ ನಮಗೂ ಮಳೆ ಸುರಿಸಿ ಹೋಯ್ತು. ಆವತ್ತು ನಾನು ಮನೆಯವರ ಜೊತೆ ಮಂಗಳೂರಿನಲ್ಲಿದ್ದೆ. ಇಲ್ಲಿ ಊರಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಚೆರಿ (ಕುಯ್ದ ಕಾಫಿ ಹಣ್ಣು) ಹರಡಿತ್ತು. ಟಾರ್ಪಾಲ್ ಎಲ್ಲಿದೆ ಅಂತ ನನಗೊಬ್ಬನಿಗೇ ಗೊತ್ತಿತ್ತು! ರೂಮಿನಲ್ಲಿ ಕೂತು ಫೋನಿನಲ್ಲೇ ಕೂಗಾಡಿದ್ದೇ ಬಂತು, ಎರಡು ದಿನದ ಹಣ್ಣು ಬೂಸ್ಟು ಹಿಡಿಯಿತು, ಮನೆಯವರ ಮುಖವೂ ಊದಿಕೊಂಡಿತು. ಹಾಗಾಗಿ ಹೊರಡುವ ಮೂರು ದಿನ ಮೊದಲು ಕಣದಲ್ಲಿ ಹೊಸದಾಗಿ ಏನೂ ಹರಡಬೇಡಿ. ಒಣಗಿದ್ದನ್ನು ಮೂಟೆ ಕಟ್ಟಿ ಗೋಡೌನ್‌ಗೆ ಹಾಕಿ. ಟಾರ್ಪಾಲ್ ತೋಟ ನೋಡಿಕೊಳ್ಳುವ ರೈಟರ್ ಕೈಯಲ್ಲಿರಲಿ. ಇಷ್ಟಾದರೆ ಅಲ್ಲಿ ನೆಮ್ಮದಿಯಾಗಿ ಸಮುದ್ರ ನೋಡಬಹುದು.

ದಾರಿ ನಿಮಗೆ ಗೊತ್ತಿರೋದೇ. ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಸುಮಾರು 140 ಕಿಲೋಮೀಟರ್. ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಮಂಜು ಇರುವಾಗ ಘಾಟಿ ಇಳಿಯುವ ಆತುರ ಬೇಡ, ಎಂಟು ಗಂಟೆಗೆ ಮಡಿಕೇರಿ ಬಿಟ್ಟರೆ ಸಾಕು. ಅಕ್ಕನಿಗೆ ತಿರುವಿನಲ್ಲಿ ವಾಂತಿ ಬರುತ್ತೆ ಅಂದಿದ್ದೀರಿ, ಹೊಟ್ಟೆ ತುಂಬಾ ಕಡುಬು ತಿಂದು ಹೊರಡಬೇಡಿ, ತಿಂಡಿ ಸುಳ್ಯದಲ್ಲಿ ಆಗಲಿ. ಕಲ್ಲಡ್ಕದಲ್ಲಿ ನಿಲ್ಲಿಸಿ ಕೆ.ಟಿ. (ಕಲ್ಲಡ್ಕ ಟೀ) ಕುಡಿಯಿರಿ. ಹಾಲು ಕೆಳಗೆ ಚಹಾ ಮೇಲೆ ಅಂತ ಪದರ ನಿಂತಿರುತ್ತೆ. ಕಾಫಿ ಬೆಳೆಯೋರು ಚಹಾ ಕುಡಿದರೆ ಯಾರೂ ದಂಡ ಹಾಕಲ್ಲ. (ವಿರಾಜಪೇಟೆ ಕಡೆಯವರು ಮಾಕುಟ್ಟ ಇಳಿದು ಕಣ್ಣೂರಿಗೆ ಹೋಗೋದು ಸುಲಭ, ಆ ಮಾತು ಇನ್ನೊಂದು ದಿನ.)

ಈಗ ಮುಖ್ಯ ಮಾತು. ಮಂಗಳೂರಿನ ಚಳಿಗಾಲ ನಮ್ಮ ಚಳಿಗಾಲ ಅಲ್ಲ. ಹಗಲು 32, 33 ಡಿಗ್ರಿ, ರಾತ್ರಿ 21ರ ಸುಮಾರು, ಬೆವರು ಬೇರೆ. ನಮ್ಮವರು ಮಾಡುವ ತಪ್ಪು ಏನಂದ್ರೆ, ಮಧ್ಯಾಹ್ನ ಹನ್ನೆರಡಕ್ಕೆ ಬೀಚಿಗೆ ಹೋಗಿ ಒಂದೂವರೆಗೆ ತಲೆನೋವು ಅಂತ ಜಗಳ ಶುರು ಮಾಡೋದು. ಹನ್ನೊಂದರಿಂದ ನಾಲ್ಕರವರೆಗೆ ರೂಮಿನಲ್ಲಿ ಮಲಗಿ. ಕುಯ್ಲು ಶುರುವಾದಾಗಿನಿಂದ ನೀವಿಬ್ಬರೂ ಮಧ್ಯಾಹ್ನ ಮಲಗಿಲ್ಲ ಅಲ್ವಾ? ಸುಮ್ನೆ ಮಲಗಿ. ಎಸಿ ಇರುವ ರೂಮೇ ತಗೊಳ್ಳಿ, ಇದರಲ್ಲಿ ಜಿಪುಣತನ ಬೇಡ. 'ಸಮುದ್ರ ಕಾಣುವ ರೂಮು' ಅಂತ ದುಡ್ಡು ಕೊಡುವ ಮೊದಲು ಕಿಟಕಿಯ ಫೋಟೋ ತರಿಸಿಕೊಳ್ಳಿ. ನನಗೆ ಒಂದು ಕಡೆ ನೀರಿನ ಟ್ಯಾಂಕು ಕಂಡಿತ್ತು.

ಸಂಜೆಗಳು ಎರಡೇ ಸಿಗೋದು, ಎರಡಕ್ಕೂ ಬೇರೆ ಬೇರೆ ದಿಕ್ಕು ಇಟ್ಟುಕೊಳ್ಳಿ. ಒಂದು ದಿನ ಉತ್ತರಕ್ಕೆ ತಣ್ಣೀರುಬಾವಿ ಅಥವಾ ಸುರತ್ಕಲ್ ಲೈಟ್‌ಹೌಸ್, ಇನ್ನೊಂದು ದಿನ ನೇತ್ರಾವತಿ ಸೇತುವೆ ದಾಟಿ ಸೋಮೇಶ್ವರ. ಎರಡನ್ನೂ ಒಂದೇ ಸಂಜೆ ಮುಗಿಸ್ತೀನಿ ಅಂದ್ರೆ ಪಂಪ್‌ವೆಲ್ ಸರ್ಕಲ್‌ನಲ್ಲೇ ಸೂರ್ಯ ಮುಳುಗುತ್ತಾನೆ. ಆರು ಗಂಟೆ ದಾಟುತ್ತಿದ್ದ ಹಾಗೆ ಮುಳುಗಿಬಿಡುತ್ತೆ, ಐದಕ್ಕೇ ಅಲ್ಲಿರಿ. ಪಣಂಬೂರಿನಲ್ಲಿ ಜನ ಜಾಸ್ತಿ, ಮಕ್ಕಳಿದ್ದರೆ ಅದು ಸರಿ, ನಿಮಗೆ ಬೇಡ. ಸೋಮೇಶ್ವರದಲ್ಲಿ ಬಂಡೆ ಮೇಲೆ ಕೂತು ನೋಡಿ ಅಷ್ಟೇ, ನೀರಿಗೆ ಇಳಿಯಬೇಡಿ. ಕಾವೇರಿಯಲ್ಲಿ ಈಜಿ ಬೆಳೆದವರಿಗೂ ಸಮುದ್ರದ ಸೆಳೆತ ಬೇರೆ.

ಮಧ್ಯದ ಬೆಳಿಗ್ಗೆ ಒಂದೇ ಒಂದು ಜಾಗ ಸಾಕು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಅಂತ ನಾನು ಹೇಳ್ತೇನೆ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರ ಹೊತ್ತಿಗೆ ಬರೆಯೋಕೆ ಶುರು ಮಾಡಿದ ಚಿತ್ರಗಳು ಗೋಡೆ, ಚಾವಣಿ ಎಲ್ಲ ತುಂಬಿವೆ. ಒಳಗೆ ತಂಪು. ನಮ್ಮ ಮನೆಯವರು ಅಲ್ಲಿ ಮುಕ್ಕಾಲು ಗಂಟೆ ಮಾತಾಡದೆ ಕೂತಿದ್ದರು, ಅದೇ ಒಂದು ದಾಖಲೆ. ದೇವಸ್ಥಾನ ಬೇಕು ಅಂದ್ರೆ ಕದ್ರಿ, ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿ 968ನೇ ಇಸವಿಯದ್ದು. ಪಿಲಿಕುಳ ನಿಸರ್ಗಧಾಮ ಚೆನ್ನಾಗಿದೆ, ಆದರೆ ನಡೆದು ನಡೆದು ಅರ್ಧ ದಿನ ಹೋಗುತ್ತೆ. ತೋಟದಲ್ಲಿ ನಡೆಯೋದು ಸಾಲದಾ?

ಊಟದಲ್ಲಿ ಒಂದೇ ಎಚ್ಚರಿಕೆ, ದೊಡ್ಡ ಮೀನಿನ ರೇಟು ಕೇಳಿಯೇ ಆರ್ಡರ್ ಹೇಳಿ. ಮಾಂಜಿ, ಕಾಣೆ ಎಲ್ಲ ಗಾತ್ರ ನೋಡಿ ಬಿಲ್ ಹಾಕ್ತಾರೆ. ಒಂದು ಹೋಟೆಲಲ್ಲಿ ನಾನು ಕೇಳದೆ ತಿಂದು, ಬಿಲ್ ನೋಡಿ ಎರಡು ಸಲ ನೀರು ಕುಡಿದೆ. ಬಂಗುಡೆ, ಬೂತಾಯಿಗೆ ಆ ಭಯ ಇಲ್ಲ, ರುಚಿಯೂ ಜಾಸ್ತಿ. ಕೋರಿ ರೊಟ್ಟಿ ನಮ್ಮ ಅಕ್ಕಿ ರೊಟ್ಟಿ ಥರ ಮೆತ್ತಗಿರಲ್ಲ, ಹಪ್ಪಳದ ಹಾಗೆ ಗರಿಗರಿ, ಸಾರು ಹಾಕಿ ನೆನೆಸಿ ತಿನ್ನಬೇಕು. ಡಿಸೆಂಬರ್ ಆದ್ದರಿಂದ ಬೇಕರಿಗಳಲ್ಲಿ ಕ್ರಿಸ್ಮಸ್‌ನ ಕುಸ್ವಾರ್ (ಹಬ್ಬದ ತಿಂಡಿಗಳು) ಸಿಗುತ್ತೆ, ಅತ್ತೆಗೆ ಒಂದು ಡಬ್ಬ ತನ್ನಿ.

ಇನ್ನು ಅಕ್ಕ ಭಾವ. ಬೇಡ ಅನ್ನೋಕೆ ನಿಮಗೆ ಮುಜುಗರ, ಗೊತ್ತು. ಒಂದು ಕಾರಲ್ಲೇ ಹೋಗಿ, ಆದರೆ ಎರಡನೇ ಸಂಜೆ ಬೇರೆ ಬೇರೆ ಅಂತ ಇಲ್ಲಿಂದ ಹೊರಡುವಾಗಲೇ ಮಾತಾಡಿಕೊಳ್ಳಿ. ಅಲ್ಲಿ ಹೋಗಿ ಹೇಳಿದರೆ ಬೇಜಾರಾಗುತ್ತೆ. ಭಾವನಿಗೆ ಯಕ್ಷಗಾನದ ಹುಚ್ಚು ಇದ್ದರೆ ಇನ್ನೂ ಸುಲಭ, ಆ ಹೊತ್ತಿಗೆ ಕಟೀಲು ಮೇಳ ತಿರುಗಾಟಕ್ಕೆ ಹೊರಟಿರುತ್ತೆ, ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಎಲ್ಲಿ ಅಂತ ವಿಚಾರಿಸಿ ಅವರನ್ನು ಅಲ್ಲಿ ಕೂರಿಸಿ, ನೀವಿಬ್ಬರು ಗಡ್‌ಬಡ್ ಐಸ್‌ಕ್ರೀಮ್ ತಿನ್ನೋಕೆ ಹೋಗಿ.

ವಾಪಸ್ ಬರುವಾಗ ಸ್ವೆಟರ್ ಡಿಕ್ಕಿಯಲ್ಲಿ ತುಂಬಬೇಡಿ, ಸಂಪಾಜೆ ದಾಟಿದ ಮೇಲೆ ಬೇಕಾಗುತ್ತೆ. ಡಿಕ್ಕಿಗೆ ಹೋಗಬೇಕಾದದ್ದು ಒಣ ಮೀನು. ಪೇಪರ್ ಸುತ್ತಿ, ಮೇಲೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಘಾಟಿ ತಿರುವಿನಲ್ಲಿ ಅಕ್ಕನ ಕಥೆ ಮುಗೀತು.