ರಾಣಿಯ ತಲೆ ಹೋದದ್ದು ಕೇಕಿನ ಮಾತಿಗಲ್ಲ

ಪ್ರಶ್ನೆ: ‘ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ’ ಎಂದದ್ದಕ್ಕೇ ಫ್ರಾನ್ಸಿನ ಜನ ರಾಣಿ ಮರೀ ಆಂಟೊನೆಟ್‌ಳ ತಲೆ ತೆಗೆದರಂತೆ, ನಿಜವೇ? ಆಕೆಯ ಮಕ್ಕಳು ಏನಾದರು?

ಉತ್ತರ: ಆ ಮಾತು ಆಕೆಯದು ಎನ್ನಲು ಆಧಾರವೇ ಇಲ್ಲ. ಯಾರೋ ಒಬ್ಬ ರಾಜಕುಮಾರಿ ಹೀಗೆ ಅಂದಿದ್ದಳೆಂದು ರೂಸೋ ತನ್ನ ಆತ್ಮಕಥೆಯಲ್ಲಿ ಬರೆದ. ಅವನು ಅದನ್ನು ಬರೆಯುವಾಗ ಆಂಟೊನೆಟ್ ತವರಾದ ಆಸ್ಟ್ರಿಯಾದಲ್ಲಿ, ವಿಯೆನ್ನಾದ ಅರಮನೆಯಲ್ಲಿ ಆಡಿಕೊಂಡಿದ್ದ ಹುಡುಗಿ. ಆಕೆ ಮದುವೆಯಾಗಿ ಫ್ರಾನ್ಸಿಗೆ ಬಂದದ್ದು 1770ರಲ್ಲಿ.

ಹಾಗಂತ ಆಕೆಯೇನು ಸಾಧ್ವಿಯಲ್ಲ. ಒಡವೆ, ಉಡುಪು, ಜೂಜು ಎಲ್ಲಕ್ಕೂ ಕೈ ಧಾರಾಳ. ಆದರೆ ಖಜಾನೆ ಬರಿದಾದದ್ದು ಅದರಿಂದಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಮಾಡಿದ ಸಾಲ ಸರ್ಕಾರದ ಕೊರಳಿಗೆ ಬಿದ್ದಿತ್ತು. 1788ರ ಹೊತ್ತಿಗೆ ಖರ್ಚಿನ ಸುಮಾರು ಅರ್ಧ ಭಾಗ ಸಾಲ ತೀರಿಸುವುದಕ್ಕೇ ಹೋಗುತ್ತಿತ್ತು. ಅದೇ ವರ್ಷ ಆಲಿಕಲ್ಲು ಮಳೆಗೆ ಬೆಳೆ ನೆಲಕಚ್ಚಿತು.

ನನ್ನನ್ನು ಕೇಳಿದರೆ, ರಾಜಮನೆತನ ಮುಳುಗಿದ್ದು 1791ರ ಜೂನ್ 21ರ ರಾತ್ರಿ, ವಾರೆನ್ ಎಂಬ ಸಣ್ಣ ಊರಿನಲ್ಲಿ. ಅದಕ್ಕೆ ಮೊದಲು, ಕ್ರಾಂತಿ ಶುರುವಾಗಿ ಕೆಲವೇ ತಿಂಗಳಿಗೆ, 1789ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಹೆಂಗಸರು ವರ್ಸೇ ಅರಮನೆಗೆ ನುಗ್ಗಿ ಇಡೀ ಕುಟುಂಬವನ್ನು ರಾಜಧಾನಿಗೆ ಎಳೆತಂದಿದ್ದರೂ ‘ರಾಜ ಒಳ್ಳೆಯವನು, ಸುತ್ತಲಿನವರು ಕೆಟ್ಟವರು’ ಎಂಬ ನಂಬಿಕೆ ಇನ್ನೂ ಉಳಿದಿತ್ತು. ಅಂಥ ಹೊತ್ತಲ್ಲಿ ಇವರು ಕದ್ದು ಓಡಿದರು. ಓಡಿದ ಪರಿ ನೋಡಿ! ಹಗುರವಾದ ಎರಡು ಗಾಡಿಗಳಲ್ಲಿ ಬೇರೆಬೇರೆಯಾಗಿ ಹೋಗಬಹುದಿತ್ತು. ಒಟ್ಟಿಗೇ ಹೋಗಬೇಕೆಂದು ಹಟ ಹಿಡಿದು ಭಾರೀ ಕುದುರೆಗಾಡಿಯೊಂದನ್ನು ಮಾಡಿಸಿದರು. ಮಕ್ಕಳ ಪಾಲಕಿ ರಷ್ಯದ ಶ್ರೀಮಂತೆಯ ವೇಷ ಹಾಕಿದಳು, ರಾಜ ಹದಿನಾರನೆಯ ಲೂಯಿ ಅವಳ ಸೇವಕ, ರಾಣಿ ಮಕ್ಕಳ ಶಿಕ್ಷಕಿ. ಗಾಡಿ ಗಂಟೆಗಟ್ಟಲೆ ತಡವಾಯಿತು; ದಾರಿಯಲ್ಲಿ ಕಾಯಬೇಕಿದ್ದ ಕುದುರೆ ಸವಾರರು ಕಾದು ಕಾದು ಹೊರಟುಹೋಗಿದ್ದರು. ಸೇಂತ್ ಮೆನೂ ಎಂಬಲ್ಲಿ ಅಂಚೆ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ದ್ರುವೇ, ಗಾಡಿಯೊಳಗಿದ್ದ ದಪ್ಪ ಮನುಷ್ಯನ ಮುಖ ಐವತ್ತು ಲಿವ್ರ್ ನೋಟಿನ ಮೇಲಿನ ಚಿತ್ರದಂತೆಯೇ ಇರುವುದನ್ನು ಗಮನಿಸಿದ. ಅಡ್ಡದಾರಿಯಲ್ಲಿ ಕುದುರೆ ಓಡಿಸಿ, ವಾರೆನ್‌ನಲ್ಲಿ ಸೇತುವೆಗೆ ಅಡ್ಡ ಹಾಕಿಸಿದ. ರಾಜ ಆ ರಾತ್ರಿ ಕಳೆದದ್ದು ಒಬ್ಬ ದಿನಸಿ ವ್ಯಾಪಾರಿಯ ಮನೆಯಲ್ಲಿ.

ವಾಪಸು ಕರೆತಂದಾಗ ಪ್ಯಾರಿಸ್ಸಿನ ಗೋಡೆಗಳಲ್ಲಿ ಎಚ್ಚರಿಕೆ ಅಂಟಿಸಿದ್ದರು: ರಾಜನಿಗೆ ಜೈ ಅಂದವರಿಗೆ ಹೊಡೆತ, ಬೈದವರಿಗೆ ನೇಣು. ರಾಜನ ಮೇಲಿನ ಆ ನಂಬಿಕೆ ಅಲ್ಲಿಗೆ ಮುಗಿಯಿತು. ಮರುವರ್ಷ ಆಸ್ಟ್ರಿಯಾದೊಡನೆ ಯುದ್ಧ ಶುರುವಾಗುವಾಗ ರಾಣಿ ಫ್ರಾನ್ಸಿನ ದಂಡಯಾತ್ರೆಯ ಯೋಜನೆಯನ್ನೇ ತವರಿಗೆ ಗುಟ್ಟಾಗಿ ತಿಳಿಸಿದಳು. ದೇಶದ್ರೋಹದ ಆರೋಪ ಆಕೆಯ ಮಟ್ಟಿಗೆ ಸುಳ್ಳಲ್ಲ. ಆದರೆ 1793ರ ಅಕ್ಟೋಬರಿನ ವಿಚಾರಣೆಯಲ್ಲಿ ಎಂಟು ವರ್ಷದ ಸ್ವಂತ ಮಗನನ್ನೇ ಕೆಡಿಸಿದಳೆಂದು ಹೊರಿಸಿದ್ದು ಶುದ್ಧ ಹೊಲಸು. ಆಕೆ ಅದಕ್ಕೆ ಉತ್ತರ ಕೊಡದೆ, ಅಲ್ಲಿದ್ದ ತಾಯಂದಿರ ಕಡೆ ತಿರುಗಿ ‘ನೀವೇ ಹೇಳಿ’ ಎಂಬಂತೆ ಮೊರೆಯಿಟ್ಟಳು. ಜನವರಿಯಲ್ಲಿ ಗಂಡನನ್ನು ಮುಚ್ಚಿದ ಗಾಡಿಯಲ್ಲಿ ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ಒಯ್ದಿದ್ದರು. ಅಕ್ಟೋಬರ್ 16ರಂದು ಆಕೆಗೆ ಸಿಕ್ಕಿದ್ದು ಕೈ ಹಿಂದಕ್ಕೆ ಕಟ್ಟಿದ ತೆರೆದ ಬಂಡಿ.

ಇನ್ನು ಮಕ್ಕಳು. ನಾಲ್ವರಲ್ಲಿ ಇಬ್ಬರು ಮೊದಲೇ ತೀರಿಕೊಂಡಿದ್ದರು. ಕೊನೆಯ ಮಗ ಲೂಯಿ ಶಾರ್ಲ್ 1795ರ ಜೂನಿನಲ್ಲಿ, ಹತ್ತನೇ ವಯಸ್ಸಿಗೆ, ಸೆರೆಯಲ್ಲೇ ಕಾಯಿಲೆಯಿಂದ ಸತ್ತ. ಹಿರಿಯ ಮಗಳು ಮರೀ ತೆರೆಸ್ ಒಬ್ಬಳೇ ಬದುಕುಳಿದಳು. ಅದೇ ಡಿಸೆಂಬರಿನಲ್ಲಿ ಆಸ್ಟ್ರಿಯನ್ನರು ಹಿಡಿದಿಟ್ಟಿದ್ದ ಫ್ರೆಂಚ್ ಕೈದಿಗಳನ್ನು ಬಿಡಿಸಿಕೊಂಡು ಅವಳನ್ನು ಅವರಿಗೊಪ್ಪಿಸಿದರು. ಹಾಗೆ ಬಿಡುಗಡೆಯಾದವರಲ್ಲಿ ಅಂಚೆ ಕುದುರೆಗಳ ದ್ರುವೇಯೂ ಇದ್ದ.