‘ಇವತ್ತು ಆಗಲ್ಲ ಸಾರ್’ ಎಂದ ಹುಡುಗ

ಬೆಂಗಳೂರಿನ ವಿಜಯನಗರದಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗ ರೈಲ್ವೆಯಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್ (ರೈಲು ಓಡಿಸುವವರ ಸಹಾಯಕ) ಆಗಿ ಆಯ್ಕೆಯಾಗಿ ಈಗ ಟ್ರೈನಿಂಗ್‌ನಲ್ಲಿದ್ದಾನೆ. ಹೋದ ತಿಂಗಳು ಒಂದು ರಾತ್ರಿ ವಿಪರೀತ ನೆಗಡಿ. ಹತ್ತು ಗಂಟೆಗೆ ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತಂದು ನುಂಗಿದ. ಒಂದು ಗಂಟೆಗೆ ಡ್ಯೂಟಿ. ಡ್ರೈವರ್‌ಗಳು ಡ್ಯೂಟಿಗೆ ಹಾಜರಿ ಹಾಕುವ ಲಾಬಿಗೆ ಹೋದವನು, ‘ಸಾರ್, ಮಾತ್ರೆ ತಗೊಂಡಿದ್ದೀನಿ, ಕಣ್ಣು ಎಳೀತಿದೆ, ಇವತ್ತು ಆಗಲ್ಲ’ ಎಂದ. ಅಲ್ಲಿದ್ದವರು ‘ಟ್ರೈನಿಂಗ್‌ನಲ್ಲೇ ಹಿಂಗಂದ್ರೆ ಮುಂದೆ ಹೆಂಗಪ್ಪಾ’ ಎಂದು ಗೊಣಗಿ ವಾಪಸ್ ಕಳಿಸಿದರಂತೆ. ಮನೆಯಲ್ಲಿ ಅವನ ಅಪ್ಪನಿಗೂ ಬೇಸರ. ‘ಓಡಿಸೋರು ಸೀನಿಯರ್, ಇವನು ಸುಮ್ನೆ ಪಕ್ಕದಲ್ಲಿ ಕೂತಿದ್ದರೆ ಆಗುತ್ತಿತ್ತು’ ಎನ್ನುತ್ತಾರಂತೆ. ಅವನು ಮಾಡಿದ್ದು ತಪ್ಪಾ, ಕೆಲಸಕ್ಕೆ ತೊಂದರೆ ಆಗುತ್ತಾ ಎಂದು ತಾಯಿ ಕೇಳಿದ್ದಾರೆ. ಜೊತೆಗೆ, ಈಗಿನ ಎಂಜಿನ್‌ಗಳಲ್ಲಿ ಡ್ರೈವರ್ ತೂಕಡಿಸಿದರೂ ಮೆಷಿನ್ ನೋಡಿಕೊಳ್ಳುತ್ತದೆ ಎಂದು ನಮ್ಮ ಹಿಂದಿನ ಸಂಚಿಕೆಯ ಲೇಖನದಲ್ಲೇ ಇತ್ತಲ್ಲ ಎಂದು ನೆನಪಿಸಿದ್ದಾರೆ.

ನಮಸ್ಕಾರ ಅಮ್ಮ.

ನಿಮ್ಮ ಮಗ ಮಾಡಿದ್ದು ಸರಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪತ್ರದಲ್ಲಿ ಆ ಒಂದು ಪ್ರಶ್ನೆಯನ್ನು ನೀವು ಮೂರು ಸಲ ಕೇಳಿದ್ದೀರಿ. ಒಂದು ಸಲ ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದೀರಿ. ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ, ರೈಲ್ವೆಯ ಪುಸ್ತಕವೂ ಅದನ್ನೇ ಹೇಳುತ್ತದೆ. ಜನರಲ್ ರೂಲ್ಸ್‌ನಲ್ಲಿ 2.09 ಎಂದು ಒಂದು ನಿಯಮವಿದೆ. ಎಲ್ಲರೂ ಅದನ್ನು ‘ಕುಡಿಯಬಾರದು’ ಎಂಬ ನಿಯಮ ಅಂತಲೇ ತಿಳಿದಿರುತ್ತಾರೆ. ಪೂರ್ತಿ ಓದಿದರೆ ಹೆಂಡದ ಪಕ್ಕದಲ್ಲೇ ಮಂಪರು ಬರಿಸುವ ಔಷಧಿಯೂ ಇದೆ. ರೈಲು ಓಡಾಟಕ್ಕೆ ನೇರವಾಗಿ ಸಂಬಂಧಪಟ್ಟವರು ಡ್ಯೂಟಿ ಶುರುವಾಗುವ ಎಂಟು ಗಂಟೆ ಮುಂಚಿನಿಂದ ಅಂಥದ್ದನ್ನು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಮಗ ಹತ್ತಕ್ಕೆ ನುಂಗಿದ, ಒಂದಕ್ಕೆ ಡ್ಯೂಟಿ. ಮೂರೇ ಗಂಟೆ. ನೆಗಡಿಗೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಸೆಟ್ರಿಜಿನ್, ಕ್ಲೋರ್‌ಫೆನಿರಮಿನ್ ಥರದ ಔಷಧಿ ಇರುತ್ತದೆ, ಅವು ನಿದ್ದೆ ಬರಿಸುತ್ತವೆ. ಮೆಡಿಕಲ್ ಶಾಪಿನವರು ‘ತಗೊಂಡು ಮಲಗಿ’ ಅಂತಲೇ ಕೊಡುತ್ತಾರೆ ಅಲ್ವಾ?

ಅವನು ತಪ್ಪಿದ್ದು ಒಂದೇ ಕಡೆ. ರಾತ್ರಿ ಕಾಲ್ (ಡ್ಯೂಟಿಗೆ ಕರೆ) ಇದೆ ಎಂದು ಗೊತ್ತಿದ್ದೂ ಮಾತ್ರೆಯ ಬಗ್ಗೆ ಯಾರನ್ನೂ ಕೇಳಲಿಲ್ಲ. ರೈಲ್ವೆ ಡಾಕ್ಟರನ್ನು ಕೇಳಬಹುದಿತ್ತು, ಕೊನೇಪಕ್ಷ ಅಂಗಡಿಯವರಿಗೆ ‘ರಾತ್ರಿ ರೈಲಿನ ಡ್ಯೂಟಿ ಇದೆ, ನಿದ್ದೆ ಬರದಿರೋದು ಕೊಡಿ’ ಎನ್ನಬಹುದಿತ್ತು. ಮುಂದೆ ಹಾಗೆ ಮಾಡಲಿ. ಹುಷಾರಿಲ್ಲದ ದಿನ ಲಾಬಿಯ ಬಾಗಿಲಿಗೆ ಹೋಗಿ ಹೇಳುವ ಬದಲು ಕಾಲ್ ಬಂದಾಗಲೇ ಹೇಳಿ, ಸಿಕ್ ರಿಪೋರ್ಟ್ ಮಾಡಿ, ರೈಲ್ವೆ ಆಸ್ಪತ್ರೆಯಲ್ಲಿ ತೋರಿಸಿ, ಫಿಟ್ ಸರ್ಟಿಫಿಕೇಟ್ ತಂದು ಡ್ಯೂಟಿಗೆ ಹೋಗಲಿ. ಕಾಗದ ಕೈಯಲ್ಲಿದ್ದರೆ ಯಾರ ಗೊಣಗಾಟಕ್ಕೂ ಅವನು ಹೆದರಬೇಕಿಲ್ಲ. ಬರೀ ಬಾಯಿಮಾತಲ್ಲಿ ಹೇಳಿ ಮನೆಗೆ ಬಂದರೆ ನಾಳೆ ಅದು ‘ಗೈರುಹಾಜರಿ’ ಆಗಿಬಿಡಬಹುದು. ಕೆಲಸಕ್ಕೆ ತೊಂದರೆ ಆಗುತ್ತಾ ಎಂಬ ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.

ಈಗ ಅವನ ಅಪ್ಪನ ಮಾತಿಗೆ ಬರುತ್ತೇನೆ. ಅವರು ಬೇಜಾರು ಮಾಡಿಕೊಳ್ಳಬಾರದು. ಅಸಿಸ್ಟೆಂಟ್ ಅಂದರೆ ‘ಪಕ್ಕದಲ್ಲಿ ಕೂರುವವನು’ ಎಂದು ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಎಂಜಿನ್ ಒಳಗೆ ಆಗುವುದೇ ಬೇರೆ. ದೂರದಲ್ಲಿ ಸಿಗ್ನಲ್ ಕಂಡ ತಕ್ಷಣ ಇಬ್ಬರೂ ಕೈಚಾಚಿ ತೋರಿಸಿ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು. ಒಬ್ಬರು ‘ಡಬಲ್ ಯೆಲ್ಲೋ’ (ಎರಡು ಹಳದಿ ದೀಪ) ಎಂದರೆ ಇನ್ನೊಬ್ಬರು ತಮ್ಮ ಕಣ್ಣಿಂದ ನೋಡಿಯೇ ‘ಡಬಲ್ ಯೆಲ್ಲೋ’ ಎನ್ನಬೇಕು. ಕೇಳಿದ್ದನ್ನು ಗಿಣಿಯಂತೆ ಒಪ್ಪಿಸುವಂತಿಲ್ಲ. ಇಡೀ ರಾತ್ರಿ, ಪ್ರತಿ ಸಿಗ್ನಲ್‌ಗೂ ಹೀಗೆಯೇ. ಇದು ಯಾಕೆ ಅಂದರೆ, ಒಬ್ಬರ ಕಣ್ಣು ಮೋಸ ಹೋದರೂ ಇನ್ನೊಬ್ಬರದು ಹೋಗಬಾರದು ಅಂತ. ಅಸಿಸ್ಟೆಂಟ್ ಕೂರುವ ಕಡೆಯೂ ಒಂದು ಎಮರ್ಜೆನ್ಸಿ ಬ್ರೇಕ್ ಇದೆ. ಕೆಂಪು ಹತ್ತಿರವಾಗುತ್ತಿದ್ದರೂ ಲೋಕೋ ಪೈಲಟ್ ಬ್ರೇಕ್ ಹಾಕದಿದ್ದರೆ ಅದನ್ನು ಎಳೆಯಬೇಕಾದವನು ನಿಮ್ಮ ಮಗ. ಅದೂ ಇಪ್ಪತ್ತು ವರ್ಷ ಅನುಭವ ಇರುವ ಹಿರಿಯರ ಎದುರಲ್ಲಿ, ಎರಡು ಸಲ ಯೋಚಿಸದೆ. ಮಾತ್ರೆಯ ಮಂಪರಿನಲ್ಲಿರುವ ಹುಡುಗ ಅದನ್ನು ಮಾಡಿಯಾನೇ? ಅಂಥ ರಾತ್ರಿ ಆ ಸೀನಿಯರ್ ಒಂಟಿ, ಮತ್ತು ತಾನು ಒಂಟಿ ಅಂತ ಅವರಿಗೆ ಗೊತ್ತೂ ಇರುವುದಿಲ್ಲ.

ಮೆಷಿನ್ ನೋಡಿಕೊಳ್ಳುತ್ತದೆ ಎಂಬ ನಮ್ಮ ಲೇಖನದ ಆ ಸಾಲನ್ನು ಹಾಗೇ ಅಚ್ಚಾಗಲು ಬಿಟ್ಟಿದ್ದು ನನ್ನ ತಪ್ಪು. ಅದು ಅರ್ಧ ಮಾತ್ರ ನಿಜ. ಎಂಜಿನ್‌ಗಳಲ್ಲಿ ವಿಜಿಲೆನ್ಸ್ ಕಂಟ್ರೋಲ್ ಡಿವೈಸ್ ಎಂಬ ಸಾಧನ ಇದೆ. ಲೋಕೋ ಪೈಲಟ್ ಒಂದು ನಿಮಿಷ ಏನನ್ನೂ ಮುಟ್ಟದೆ ಕೂತರೆ ಮೊದಲು ದೀಪ ಮಿನುಗುತ್ತದೆ, ಸುಮಾರು 8 ಸೆಕೆಂಡ್. ಆಗಲೂ ಸುಮ್ಮನಿದ್ದರೆ ಇನ್ನೊಂದು 8 ಸೆಕೆಂಡ್ ಬಜರ್. ಅದಕ್ಕೂ ಅಲುಗಾಡದಿದ್ದರೆ ಬ್ರೇಕ್ ತಾನೇ ಬೀಳುತ್ತದೆ. ಒಟ್ಟು 76 ಸೆಕೆಂಡ್. ಕೇಳಲಿಕ್ಕೆ ಬಹಳ ಕಡಿಮೆ ಅನಿಸುತ್ತದೆ. ಆದರೆ ಗಂಟೆಗೆ 110 ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿಗೆ 30 ಮೀಟರ್ ದಾಟಿರುತ್ತದೆ. 76 ಸೆಕೆಂಡಿಗೆ ಎರಡೂಕಾಲು ಕಿಲೋಮೀಟರ್ ಮೇಲಾಯಿತು. ಎಂ.ಜಿ. ರೋಡ್ ಮೆಟ್ರೋ ಸ್ಟೇಷನ್ ಹತ್ತಿರ ಕಣ್ಣು ಮುಚ್ಚಿದರೆ ಟ್ರಿನಿಟಿ ದಾಟಿ ಹೆಚ್ಚುಕಡಿಮೆ ಹಲಸೂರಿಗೆ ಬಂದಾಗ ಬ್ರೇಕ್ ಬೀಳಲು ಶುರು. ಶುರು ಅಷ್ಟೇ, ನಿಲ್ಲುವುದು ಇನ್ನೂ ಮುಂದೆ. ಇನ್ನೊಂದು ವಿಷಯ, ಅರೆನಿದ್ದೆಯಲ್ಲೂ ಕೈ ಅಭ್ಯಾಸಬಲದಿಂದ ಬಟನ್ ಒತ್ತುತ್ತದೆ. ಅಲಾರಂ ಆಫ್ ಮಾಡಿದ್ದೇ ನೆನಪಿಲ್ಲದೆ ಮತ್ತೆ ಮಲಗಿದವರು ನಮ್ಮ ಮನೆಗಳಲ್ಲೇ ಎಷ್ಟು ಜನ ಇಲ್ಲ? ಕೆಂಪು ದಾಟಿದರೆ ತಾನೇ ನಿಲ್ಲಿಸುವ ‘ಕವಚ್’ ಬರುತ್ತಿದೆ, ಬರಲೇಬೇಕು. ಆದರೆ ಅದು ಇನ್ನೂ ಎಲ್ಲ ಹಳಿಗಳಿಗೂ ಬಂದಿಲ್ಲ.

ಆಂಧ್ರದ ಪೆನುಕೊಂಡದ ಅಪಘಾತ ನಿಮಗೆ ನೆನಪಿರಬಹುದು. 2012ರ ಮೇ 22, ಬೆಳಗಿನ ಜಾವ ಮೂರು ದಾಟಿದ ಹೊತ್ತು. ಹುಬ್ಬಳ್ಳಿಯಿಂದ ನಮ್ಮೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಕೆಂಪು ಸಿಗ್ನಲ್ ದಾಟಿ ಹೋಗಿ, ಸ್ಟೇಷನ್‌ನಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. 25 ಜನ ಹೋದರು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯಬೇಕಾದವರು ಅವರು. ರಾತ್ರಿ ಎರಡರಿಂದ ಐದರವರೆಗಿನ ಹೊತ್ತಿಗೆ ನಮ್ಮ ಮೈಯೇ ನಿದ್ದೆಯ ಕಡೆ ಎಳೆಯುತ್ತದೆ. ಎಂಥ ಗಟ್ಟಿಗನಿಗೂ ಅದು ತಪ್ಪಿದ್ದಲ್ಲ. ಆ ಹೊತ್ತಿನಲ್ಲಿ ಒಂದು ಸಿಗ್ನಲ್ ಕಣ್ಣು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆ ಬೆಳಗಿನ ಜಾವದಿಂದ ನಾನು ಮರೆತಿಲ್ಲ.

ಲಾಬಿಯಲ್ಲಿ ಸೈನ್ ಆನ್ ಮಾಡುವಾಗ, ಸೈನ್ ಆಫ್ ಮಾಡುವಾಗ ಊದಿಸುವ ಮೆಷಿನ್ ಇದೆಯಲ್ಲ, ಅದಕ್ಕೆ ಹೆಂಡ ಗೊತ್ತಾಗುತ್ತದೆ, ನಿದ್ದೆ ಗೊತ್ತಾಗುವುದಿಲ್ಲ. ಸೆಟ್ರಿಜಿನ್ ನುಂಗಿದವನು ಊದಿದರೂ ಸೊನ್ನೆಯೇ ಬರುತ್ತದೆ. (ಕೆಲವು ಕೆಮ್ಮಿನ ಸಿರಪ್, ಹೋಮಿಯೋಪಥಿ ಔಷಧಿಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಅದು ಬೇರೆ ತಲೆನೋವು. 2025ರ ಫೆಬ್ರವರಿಯಲ್ಲಿ ತಿರುವನಂತಪುರ ವಿಭಾಗದಲ್ಲಿ ಇಂಥವುಗಳ ಜೊತೆ ಎಳನೀರನ್ನೂ ಸೇರಿಸಿ ಡ್ಯೂಟಿಗೆ ಮುಂಚೆ ಬೇಡ ಎಂದು ಆದೇಶ ಹೊರಡಿಸಿ, ಗಲಾಟೆ ಆದಮೇಲೆ ಹಿಂದಕ್ಕೆ ತೆಗೆದುಕೊಂಡರು.) ಕೆಲಸಕ್ಕೆ ಸೇರುವಾಗ ಅವನ ಕಣ್ಣನ್ನು ಕನ್ನಡಕ ಇಲ್ಲದೆ ಎ-1 ದರ್ಜೆಗೆ ಪರೀಕ್ಷೆ ಮಾಡಿರುತ್ತಾರೆ, ಎರಡೂ ಕಣ್ಣು 6/6, ಬಣ್ಣ ಗುರುತಿಸುವುದು, ಕತ್ತಲಲ್ಲಿ ಕಾಣುವುದು ಎಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ ನೆನಪು, ಏಕಾಗ್ರತೆ, ದೂರದ ಅಂದಾಜು ಅಂತ ಒಂದೊಂದನ್ನೂ ಬೇರೆ ಬೇರೆ ಪರೀಕ್ಷೆ ಮಾಡಿರುತ್ತಾರೆ, ಒಂದರಲ್ಲಿ ಕಡಿಮೆಯಾದರೂ ಔಟ್. ಅದೆಲ್ಲ ಆ ದಿನದ ಲೆಕ್ಕ. ಇವತ್ತು ರಾತ್ರಿ ಒಂದು ಗಂಟೆಗೆ ಅವನು ಹೇಗಿದ್ದಾನೆ ಎಂಬುದು ಅವನೊಬ್ಬನಿಗೇ ಗೊತ್ತು. ಅವನು ಬಾಯಿಬಿಟ್ಟು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಬ್ರೇಕ್ ಹಾಕಲು ಕಲಿತ ಹಾಗೆ, ಎಲ್ಲೆಲ್ಲಿ ನಿಧಾನ ಹೋಗಬೇಕು ಎಂದು ತಿಳಿಸುವ ಕಾಷನ್ ಆರ್ಡರ್ ಓದಲು ಕಲಿತ ಹಾಗೆ, ‘ಇವತ್ತು ಆಗಲ್ಲ’ ಎನ್ನುವುದನ್ನೂ ಅವನು ಟ್ರೈನಿಂಗ್‌ನಲ್ಲೇ ಕಲಿಯಬೇಕು. ಈಗ ಅವನ ಬಾಯಿ ಮುಚ್ಚಿಸಿದರೆ ಮುಂದೆ ಅವನೇ ಲೋಕೋ ಪೈಲಟ್ ಆಗಿ ಸಾವಿರ ಜನರನ್ನು ಕರೆದುಕೊಂಡು ಹೊರಟ ದಿನವೂ ಬಾಯಿ ಬಿಡುವುದಿಲ್ಲ. ಗೊಣಗಿದ ಆ ಲಾಬಿಯವರಿಗೆ ರಾತ್ರಿ ಹೊತ್ತು ಇನ್ನೊಬ್ಬರನ್ನು ಹುಡುಕುವ ಕಷ್ಟ ಇರುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೂ ಆ ಮಾತನ್ನು ಅವರು ಆಡಬಾರದಿತ್ತು.

ಮಾತ್ರೆ ಇಲ್ಲದೆ ಬರೀ ನಿದ್ದೆಗೆಟ್ಟರೂ ಇದೇ ಕಥೆ. 17 ಗಂಟೆ ನಿದ್ದೆ ಇಲ್ಲದೆ ಎಚ್ಚರ ಇದ್ದವನ ಕೈ-ಕಣ್ಣಿನ ಚುರುಕು, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಆಲ್ಕೋಹಾಲ್ ಇರುವವನ ಮಟ್ಟಕ್ಕೆ ಇಳಿದಿರುತ್ತದೆ ಎಂದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನಮ್ಮ ರಸ್ತೆಗಳಲ್ಲಿ ಗಾಡಿ ಓಡಿಸುವವರಿಗೆ ಆ ಲೆಕ್ಕ 30 ಮಿಲಿಗ್ರಾಂ ದಾಟಿದರೇ ಕೇಸು. ಬೆಳಿಗ್ಗೆ ಏಳಕ್ಕೆ ಎದ್ದು, ಹಗಲು ಮಲಗದೆ, ರಾತ್ರಿ ಒಂದಕ್ಕೆ ಡ್ಯೂಟಿಗೆ ಹೋದರೆ ಆಗಲೇ 18 ಗಂಟೆ. ಅವನು ಒಂದು ತೊಟ್ಟೂ ಕುಡಿದಿಲ್ಲ, ಆದರೂ ಕುಡಿದವನಂತೆ.

ಇಲ್ಲಿ ನಿಮ್ಮ ಮನೆಯ ಪಾತ್ರ ಶುರುವಾಗುತ್ತದೆ ಅಮ್ಮ. ಎಂಟು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಡ್ಯೂಟಿ ಮಾಡಿ ತನ್ನ ಹೆಡ್‌ಕ್ವಾರ್ಟರ್‌ಗೆ, ಅಂದರೆ ತನ್ನ ಊರಿನ ಸ್ಟೇಷನ್‌ಗೆ, ವಾಪಸ್ ಬಂದರೆ 16 ಗಂಟೆ ರೆಸ್ಟ್ ಎಂದು ನಿಯಮ. ಕಾಗದದ ಮೇಲೆ 16. ಮೆಜೆಸ್ಟಿಕ್‌ನಿಂದ ಮನೆಗೆ ಬರುವ ಟ್ರಾಫಿಕ್ಕು, ಸ್ನಾನ, ಊಟ ಕಳೆಯಿರಿ. ಡ್ಯೂಟಿಗೆ ಎರಡು ಗಂಟೆ ಮುಂಚೆ ಕಾಲ್ ಬರುತ್ತದೆ, ಅದನ್ನೂ ಕಳೆಯಿರಿ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರೆ ಉಳಿದದ್ದೂ ಹೋಯಿತು. ವಾರದ ರಜೆ ಈ 16ರ ಮೇಲೆ ಇನ್ನೂ 30 ಗಂಟೆ ಸೇರಿ 46 ಆಗಬೇಕು ಎಂದು ಲೋಕೋ ಪೈಲಟ್‌ಗಳು 2024ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಹೋರಾಟ ಮಾಡಿದರು. ಅವರ ಕಡೆ ನ್ಯಾಯ ಇದೆ ಎಂದೇ ನನ್ನ ನಂಬಿಕೆ. ಇಲಾಖೆ ಮಾಡಬೇಕಾದದ್ದು ಬಹಳ ಇದೆ. ಆದರೆ ಹಗಲು ನಿದ್ದೆ ಮನೆಯವರು ಕೊಡಬೇಕಾದದ್ದು.

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಮಾಗಡಿ ರೋಡಿನ ರೈಲ್ವೆ ಕ್ವಾರ್ಟರ್ಸ್ ಹಿಂದಿನ ಬೀದಿಯಲ್ಲಿತ್ತು. ಗೋಡೆಯಾಚೆ ಒಬ್ಬರು ಗೂಡ್ಸ್ ಡ್ರೈವರ್ ಇದ್ದರು, ನಾವು ಮಾಮ ಎನ್ನುತ್ತಿದ್ದೆವು. ಅವರು ರಾತ್ರಿ ಡ್ಯೂಟಿ ಮುಗಿಸಿ ಬಂದ ದಿನ ಅತ್ತೆ ಕಿಟಕಿಗೆ ಕಪ್ಪು ಕಂಬಳಿ ಕಟ್ಟುತ್ತಿದ್ದರು, ನಾಲ್ಕು ಮೂಲೆಗೂ ಮೊಳೆ ಹೊಡೆದು ಇಟ್ಟಿದ್ದರು. ಕುಕ್ಕರ್ ಇಡುತ್ತಿರಲಿಲ್ಲ, ವಿಶಲ್ ಆಗುತ್ತದೆ ಅಂತ ಪಾತ್ರೆಯಲ್ಲೇ ಅನ್ನ ಬಸಿಯುತ್ತಿದ್ದರು. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿರುತ್ತಿತ್ತು. ನಾವು ಬೀದಿಯಲ್ಲಿ ಕ್ರಿಕೆಟ್ ಶುರು ಮಾಡಿದರೆ ಹೊರಗೆ ಬಂದು ಬೈಯುತ್ತಿರಲಿಲ್ಲ, ಬೆರಳನ್ನು ತುಟಿ ಮೇಲಿಟ್ಟು ನಿಲ್ಲುತ್ತಿದ್ದರು, ಅಷ್ಟೇ. ನಾವು ಬ್ಯಾಟು ಎತ್ತಿಕೊಂಡು ಆ ತುದಿಗೆ ಹೋಗುತ್ತಿದ್ದೆವು. ಸಂಜೆ ಸೈಕಲ್‌ನಲ್ಲಿ ಕಾಲ್ ಬುಕ್ ಹಿಡಿದುಕೊಂಡು ಡ್ಯೂಟಿಗೆ ಕರೆಯಲು ಒಬ್ಬರು ಬರುವವರೆಗೆ ಆ ಮನೆ ಹಾಗೇ ಇರುತ್ತಿತ್ತು. ನೆಂಟರ ಮದುವೆಗೆ ಮಾಮ ಬರಲಿಲ್ಲ ಎಂದು ಯಾರಾದರೂ ಆಡಿಕೊಂಡರೆ, ‘ಅವರು ಮಲಗಬೇಕಿತ್ತು’ ಎಂದು ಅತ್ತೆ ನೇರವಾಗಿ ಹೇಳಿಬಿಡುತ್ತಿದ್ದರು. ಆ ಮಾತಿನಲ್ಲಿ ಯಾವ ಸಂಕೋಚವೂ ಇರುತ್ತಿರಲಿಲ್ಲ.

ನಿಮ್ಮ ಮಗನಿಗೂ ಅಂಥದ್ದೊಂದು ಕತ್ತಲೆ ಕೋಣೆ ಮಾಡಿಕೊಡಿ. ಮಲಗುವಾಗ ಅವನ ಮೊಬೈಲ್ ನಿಮ್ಮ ಹತ್ತಿರ ಇರಲಿ, ಕಾಲ್ ಬಂದರೆ ಎಬ್ಬಿಸಿ. ಹಾಲು, ಗ್ಯಾಸು, ಕೊರಿಯರ್ ಎಂದು ಬೆಲ್ ಒತ್ತುವವರಿಗೆ ಗೇಟಿನ ಮೇಲೆ ಒಂದು ಚೀಟಿ ಅಂಟಿಸಿ. ಗೃಹಪ್ರವೇಶ, ನಾಮಕರಣಕ್ಕೆ ಅವನು ಬರದಿದ್ದರೆ ನೀವೇ ಅತ್ತೆಯ ಹಾಗೆ ಉತ್ತರ ಕೊಡಿ. ಅವನ ಅಪ್ಪನಿಗೆ ಈ ಪುಟ ಓದಲು ಕೊಡಿ. ಅವರಿಗೆ ಇನ್ನೂ ಸಮಾಧಾನ ಆಗದಿದ್ದರೆ ನನಗೆ ಬರೆಯಲಿ, ಅಥವಾ ಆಫೀಸಿಗೆ ಬರಲಿ, ಕೂತು ಮಾತಾಡೋಣ.

ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ರಾತ್ರಿ ಡ್ಯೂಟಿಗೆ ಡಬ್ಬಿಗೆ ಏನು ಕಟ್ಟಲಿ ಎಂದೂ ಕೇಳಿದ್ದೀರಿ. ಹೊಟ್ಟೆ ಬಿರಿಯುವಷ್ಟು ಬೇಡ. ಎರಡು ಚಪಾತಿ, ಪಲ್ಯ, ಒಂದು ಬಾಟಲಿ ಮಜ್ಜಿಗೆ, ಮೂರು ಗಂಟೆ ಹೊತ್ತಿಗೆ ಬಾಯಾಡಿಸಲು ಹುರಿಗಡಲೆ. ಮುದ್ದೆ, ಬಸ್ಸಾರು ಅವನು ಡ್ಯೂಟಿ ಮುಗಿಸಿ ಬರುವ ಬೆಳಿಗ್ಗೆಗೆ ಇರಲಿ. ಉಂಡು ಮಲಗಲಿ.

ಸಂಪಾದಕ